ಕಿತ್ತೂರಿನಿಂದ ತಂದ ಹೂಂ

ರಾಮದುರ್ಗದ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಗಿನ ತಂಪಿತ್ತು. ನನ್ನ ಹಳೆಯ ಕಂಪ್ಯೂಟರಿನ ಡಬ್ಬಿಗೆ ಅವ್ವನ ಚಾದರ ಸುತ್ತಿ, ಸವದತ್ತಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

"ಏನ್ ತಮ್ಮಾ, ಅದರಾಗ ಏನೈತಿ?" ಎಂದರು ಕಂಡಕ್ಟರ್.

"ಎಂಟ್ ಮಂದಿ ಅದಾರ್ರಿ."

"ಹಂಗಾರ ಎಂಟ್ ಟಿಕೀಟ್ ತಗೋ."

ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸೀರೆ, ಗೊಬ್ಬರದ ಅಂಗಡಿಗಳವರು ರಿಕ್ಷಾದಲ್ಲಿ ಊರೂರಿಗೆ ಕೂಗಿಸುವ ಜಾಹೀರಾತು ಮಾಡುವುದು ನನ್ನ ಕಸುಬು. ಗೌಡ, ಅತ್ತೆ, ಸೊಸೆ, ಪುಢಾರಿ, ಹೀಗೆ ಎಂಟು ಮಂದಿಯ ದನಿಯೂ ನನ್ನದೇ. ಒಂದರ ಮೇಲೊಂದು ದನಿ ಕೂಡಿಸಲು ಹೋದರೆ, ಮೂರನೆಯವರು ಬಾಯಿ ತೆರೆಯುವಷ್ಟರಲ್ಲಿ ಕಂಪ್ಯೂಟರ್ ನಿಂತುಬಿಡುತ್ತಿತ್ತು.

ಒಂಬತ್ತನೆಯ ದನಿ ಗೆಳೆಯ ಈರಣ್ಣನದು. ಅವನದು ಹೆಚ್ಚು ಮಾತಿಲ್ಲ. ನಾನು ಉಸಿರು ಬಿಟ್ಟಲ್ಲೆಲ್ಲ "ಹೂಂ" ಅನ್ನುತ್ತಿದ್ದ. ಕಥೆ ಹೇಳುವವನಿಗೆ ಹೂಂಗುಟ್ಟುವವನೊಬ್ಬ ಬೇಕಲ್ಲ. ಯಾರ ದನಿ ಬೇಕಾದರೂ ತೆಗೆಯುವ ನನಗೆ ಆ ಹೂಂ ಮಾತ್ರ ಇದುವರೆಗೂ ಬಂದಿಲ್ಲ. ಹೋದ ವರ್ಷ ಅವನು ಕಿತ್ತೂರಿನಲ್ಲಿ ಮಾವನ ಬಣ್ಣದಂಗಡಿಯಲ್ಲಿ ಕೂತ. ಇವತ್ತು ಬೈಲಹೊಂಗಲಕ್ಕೆ ಬಂದು ಕಂಪ್ಯೂಟರಿಗೆ ಹೊಸ ಬಿಡಿಭಾಗ ಆರಿಸಿಕೊಡುತ್ತೇನೆ ಎಂದಿದ್ದ. ಬಿಡಿಭಾಗಗಳನ್ನು ಮನೆಗೇ ತರಿಸಿಕೊಳ್ಳಬಹುದಿತ್ತು. ಈರಣ್ಣನನ್ನು ತರಿಸಿಕೊಳ್ಳಲು ಬರುತ್ತಿರಲಿಲ್ಲ.

ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರೆಲ್ಲ ಇಳಿದರು. ನಿಲ್ದಾಣದಲ್ಲಿ ಗಿರಮಿಟ್ ತಿನ್ನುತ್ತ ಕಂಡಕ್ಟರರ ದನಿ ತೆಗೆದು ನೋಡಿದೆ. ಚಲೋ ಬಂತು. ನಗಲು ಯಾರೂ ಇರಲಿಲ್ಲ.

ಬೈಲಹೊಂಗಲ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಈರಣ್ಣ ಕಾಣಲಿಲ್ಲ. ಫೋನ್ ಮಾಡಿದೆ.

"ಮಾವಾರು ಧಾರವಾಡಕ್ಕ ಹೋಗ್ಯಾರಲೇ. ಅಂಗಡಿ ಬಿಡಾಕ ಬರೂದಿಲ್ಲ. ನೀನ ಆರಿಸ್ಕೋ."

ಕಂಪ್ಯೂಟರ್ ಅಂಗಡಿಯನ್ನು ನಡೆಸುವವರು ಒಬ್ಬ ಅಕ್ಕ. "ಗೇಮ್ ಆಡಾಕೇನ್ರಿ?" ಎಂದು ಕೇಳಿದರು.

"ಇಲ್ರಿ ಅಕ್ಕಾರ, ಒಬ್ಬಾವ ಎಂಟ್ ಮಂದಿ ಆಗಾಕ."

"ಹಂಗಾರ ಎಲ್ಲಾರಿಗೂ ಜಾಗಾ ಬೇಕಲ್ರಿ. ರ್‍ಯಾಮ್ ಹದಿನಾರ್ ಜಿಬಿ ಹಾಕ್ಸ್ರಿ. ಒಳಗ ಗ್ರಾಫಿಕ್ಸ್ ಇರೋ ಪ್ರೊಸೆಸರ್ ತಗೋರಿ, ಬ್ಯಾರೆ ಕಾರ್ಡ್ ಬ್ಯಾಡ."

ಖರ್ಚು ಉಳಿಸಲೆಂದು, ಮನೆಯಲ್ಲೇ ಡಬ್ಬಿಯಿಂದ ಬಿಚ್ಚಿ ತಂದಿದ್ದ ಹಳೆಯ ರ್‍ಯಾಮ್ ಪಟ್ಟಿಯನ್ನು ಜೇಬಿನಿಂದ ತೆಗೆದೆ. ಅಕ್ಕ ಅದನ್ನು ಹೊಸ ಮದರ್‌ಬೋರ್ಡಿನ ಪಕ್ಕ ಹಿಡಿದರು. "ಇದರ ಕಚ್ಚು ಬ್ಯಾರೆ ಕಡೆ ಐತಿ, ನೋಡ್ರಿ. ಒತ್ತಿದ್ರ ಮುರೀತೈತಿ, ಕೂಡೂದಿಲ್ಲ."

ಹೊಸ ಬೋರ್ಡಿನಲ್ಲಿ ರ್‍ಯಾಮಿಗೆ ಎರಡು ಜಾಗ. ಎಂಟೆಂಟು ಜಿಬಿಯ ಜೋಡಿ ಹಾಕಿದರೆ ಜೋರಾಗಿ ಓಡುತ್ತದೆ ಎಂದರು. ನಾನು ಹದಿನಾರರದು ಒಂದೇ ಕೊಂಡೆ.

"ಒಂದ್ ಜಾಗಾ ಯಾಕ್ ಖಾಲಿ ಬಿಡ್ತೀರಿ?"

"ಯಾರರ ಬಂದ್ರ ಇರ್ಲಿ ಅಂತರಿ."

ಅಕ್ಕ ಗೊಳ್ಳನೆ ನಕ್ಕರು. ಅವತ್ತು ನನ್ನ ಮಾತಿಗೆ ಸಿಕ್ಕ ಮೊದಲ ನಗು ಅದು. ನಾನು ಚೇಷ್ಟೆ ಮಾಡಿರಲಿಲ್ಲ.

ಎಲ್ಲವನ್ನೂ ನನ್ನ ಹಳೆಯ ಡಬ್ಬಿಯೊಳಗೇ ಜೋಡಿಸಿ, ಚಾಲೂ ಮಾಡಿ ತೋರಿಸಿದರು. ಹೊರಗೆ ಊರಿನ ಕಡೆ ಹೋಗುವ ಬಸ್ಸು ನಿಂತಿತ್ತು. ನಾನು ಕಿತ್ತೂರಿನ ಬಸ್ಸು ಹತ್ತಿದೆ.

ಈರಣ್ಣನ ಅಂಗಿಯ ಮೇಲೆ ಹಸಿರು, ಹಳದಿ ಕಲೆಗಳಿದ್ದವು. "ಹುಚ್ಚಪ್ಪ್ಯಾ, ಡಬ್ಬಿ ಹೊತ್ಕೊಂಡು ಇಲ್ಲೀತನ ಬಂದ್ಯಾ?" ಎಂದು ಚಹಾ ತರಿಸಿದ. ನಾನು ಅವನ ಮಾವನ ದನಿ ತೆಗೆದೆ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಗಿರಾಕಿ ಬಂದರು. ಅವರು ಹೋದ ಮೇಲೆ ಇನ್ನೊಬ್ಬರು.

"ವಾರಕ್ಕೊಂದ್ ದಿನ ಬಾರಲೇ," ಎಂದೆ.

ಅವನು ಡಬ್ಬಿಯೊಳಗಿನ ಬಣ್ಣ ತಿರುವುತ್ತಲೇ ಇದ್ದ. "ಆಗೂದಿಲ್ಲೋ."

ಮೊಬೈಲಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ ಅವನ ಮುಂದೆ ಹಿಡಿದೆ. "ಹಂಗಾರ ಒಂದಿಷ್ಟ್ ಹೂಂ ಕೊಟ್ ಕಳಸು."

ಕೊಟ್ಟ. ಅನುಮಾನದ್ದೊಂದು, ಬೆರಗಿನದೊಂದು, ನಿದ್ದೆಗಣ್ಣಿನದೊಂದು, ಕಥೆ ಮುಗಿದಾಗಿನದೊಂದು. ಗಿರಾಕಿಗಳು ಬಾಯಿ ತೆರೆದು ನೋಡುತ್ತಿದ್ದರು.

ಹಿಂದಿರುಗುವ ಬಸ್ಸಿಗೆ ಮಂದಿ ಕಡಿಮೆ. ತೊಡೆಯ ಮೇಲೆ ಡಬ್ಬಿ, ಕಿಟಕಿಯಾಚೆ ಹೊತ್ತು ಮುಳುಗುತ್ತಿದ್ದ ಹೊಲಗಳು. "ಈರಣ್ಣಾ, ನಾ ಇವತ್ತ ಕಿತ್ತೂರಿಗೆ ಹೋಗಿದ್ನೋ," ಎಂದು ಪಿಸುಗುಟ್ಟಿ ಮೊಬೈಲ್ ಒತ್ತಿದೆ.

"ಹೂಂ."

"ಅಲ್ಲಿ ನನ್ನ ಗೆಳ್ಯಾ ಸಿಕ್ಕಿದ್ದ."

"ಹೂಂ."

ಸುಮ್ಮನೆ ಇನ್ನೊಮ್ಮೆ ಒತ್ತಿದೆ.

"ಹೂಂ."