ಕಸದ ಬುಟ್ಟಿಗೆ ಹಾಕಿದ ಸೂಜಿ

ಮಾವನವರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ, ಇನ್ನು ಮಾತ್ರೆ ಸಾಲುವುದಿಲ್ಲ, ದಿನಕ್ಕೆರಡು ಸಲ ಇನ್ಸುಲಿನ್ ಕೊಡಬೇಕು ಎಂದು ಡಾಕ್ಟರು ಹೇಳಿದಾಗ ನಾವು ರಾಣೆಬೆನ್ನೂರಿನ ಮನೆಗೆ ಬಂದು ವರ್ಷವಾಗಿತ್ತು. ಬ್ಯಾಡಗಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದವರು ಅವರು. ಯಾರಿಗೂ ಹೆದರಿದವರಲ್ಲ, ಆದರೆ ಸೂಜಿ ಕಂಡರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ಹಾಗಾಗಿ ಆ ಕೆಲಸ ಸೊಸೆಯಾದ ನನಗೆ ಬಂತು. ಔಷಧ ಎಷ್ಟು ಎಳೆಯಬೇಕು, ಹೊಟ್ಟೆಯ ಚರ್ಮ ಹೇಗೆ ಹಿಡಿಯಬೇಕು, ಎಲ್ಲವನ್ನೂ ಕಂಪೌಂಡರ್ ಕಲಿಸಿದರು. ಬಳಸಿದ ಸೂಜಿಯನ್ನು ಏನು ಮಾಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಚ್ಚಳ ಹಾಕಿ ಕಸದ ಬುಟ್ಟಿಗೆ ಹಾಕುತ್ತಿದ್ದೆ.

ನಗರಸಭೆಯವರು ಮನೆಮನೆಗೆ ಕಸದ ತಳ್ಳುಗಾಡಿ ಕಳಿಸಲು ಶುರು ಮಾಡಿದ್ದು ಆಗಲೇ. ನಮ್ಮ ಓಣಿಗೆ ಬರುತ್ತಿದ್ದವಳು ಐವತ್ತು ದಾಟಿದ ಹೆಂಗಸು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಆದರೂ ನಾನು ಅವಳನ್ನು ‘ನೀನು’ ಎನ್ನುತ್ತಿದ್ದೆ, ಅವಳು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು. ಅದು ಯಾಕೆ ಹಾಗೆ ಎಂದು ಆಗ ನನಗೆ ಅನ್ನಿಸಿರಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಸೂಜಿ ಮಾಡುವಾಗ ಅದರ ಮುಚ್ಚಳ ಮಂಚದ ಕೆಳಗೆ ಉರುಳಿಹೋಯಿತು. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತು. ಹುಡುಕುವ ತಾಳ್ಮೆ ಇಲ್ಲದೆ ಸೂಜಿಯನ್ನು ಹಾಗೆಯೇ ಉಳ್ಳಾಗಡ್ಡಿ ಸಿಪ್ಪೆಯ ಮೇಲೆ ಹಾಕಿ, ಬುಟ್ಟಿಯನ್ನು ಬಾಗಿಲ ಹೊರಗಿಟ್ಟೆ.

ಸ್ವಲ್ಪ ಹೊತ್ತಿಗೆ ಅವಳು ಬಾಗಿಲು ಬಡಿದಳು. ಎಡಗೈಯಿಂದ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದಿದ್ದಳು. ಬೆರಳ ಸಂದಿಯಲ್ಲಿ ರಕ್ತ. ಸೂಜಿಯನ್ನು ಮೆಟ್ಟಿಲ ಮೇಲೆ ಒಂದು ಕಾಗದದ ಮೇಲಿಟ್ಟಿದ್ದಳು.

“ಅಕ್ಕಾರ, ಇದು ಯಾರ ಸೂಜಿರಿ? ನಾ ಜಗಳಕ್ಕ ಬಂದಿಲ್ರಿ. ಯಾವ ರೋಗದ್ದು ಅಂತ ಅಷ್ಟ ಹೇಳ್ರಿ.”

ನನ್ನ ಬಾಯಿಂದ ಬಂದದ್ದು ಇದು: “ನಮ್ಮದಲ್ಲ. ಆ ಮೂಲಿ ದವಾಖಾನಿದಿರಬೇಕು.”

ಅವಳು ಸೂಜಿಯನ್ನು ನೋಡಿದಳು, ನಮ್ಮ ಬುಟ್ಟಿಯನ್ನು ನೋಡಿದಳು. “ಇರಬಹುದ್ರಿ” ಎಂದಳು. ಗಾಡಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಮಾವನವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. “ನಿಂದ್ರ ತಂಗಿ” ಎಂದರು. “ಅದು ನಂದ ಐತಿ. ನನಗ ಸಕ್ಕರಿ ರೋಗ. ತಪ್ಪು ನಮ್ಮದು.” ನನ್ನ ಕಡೆ ಅವರು ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸೋಪು ಹಚ್ಚಿ ನಲ್ಲಿಯ ಕೆಳಗೆ ಅವಳ ಕೈ ತೊಳೆಸಿ, ಮೂವರೂ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಸಕ್ಕರೆ ಕಾಯಿಲೆ ಸೂಜಿಯಿಂದ ಹತ್ತುವುದಿಲ್ಲ, ಆದರೆ ರಕ್ತದಲ್ಲಿ ಬೇರೆ ರೋಗವಿದ್ದರೆ ಅದು ಹರಡಬಹುದು ಎಂದು ಡಾಕ್ಟರು ವಿವರಿಸಿದರು. ಏಡ್ಸ್ ಎಂಬ ಮಾತು ಬಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಸೂಜಿ ಯಾರದಂತ ಗೊತ್ತಿದ್ದದ್ದು ಒಳ್ಳೇದಾತು. ಇವತ್ತ ಇಬ್ಬರೂ ಹಾವೇರಿಗೆ ಹೋಗಿ ರಕ್ತ ಕೊಡ್ರಿ” ಎಂದರು ಡಾಕ್ಟರು. ನಾನು ಹೇಳಿದ ಸುಳ್ಳು ನಿಂತಿದ್ದರೆ ಈ ಪರೀಕ್ಷೆಯೇ ಆಗುತ್ತಿರಲಿಲ್ಲ ಎಂಬುದು ನನಗೆ ಅಲ್ಲಿ, ಆ ಸ್ಟೂಲಿನ ಮೇಲೆ ಕೂತಾಗ ಹೊಳೆಯಿತು.

ಹಾವೇರಿ ಬಸ್ಸಿನಲ್ಲಿ ಮಾವನವರು ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಅವರ ಹಿಂದೆ. ಮೋಟೆಬೆನ್ನೂರು ಬರುವ ಹೊತ್ತಿಗೆ ಅವರು ತಿರುಗಿ ಮೆಲ್ಲಗೆ ಹೇಳಿದರು: “ಕಾಲಿನ ಆಪರೇಶನ್ ಆದಾಗ ನನಗ ಎರಡು ಬಾಟ್ಲಿ ರಕ್ತ ಕೊಟ್ಟಿದ್ರು ನೋಡವ್ವಾ. ಅದು ಯಾರದೋ ಏನೋ.” ಅದನ್ನು ನಾನು ಮರೆತಿದ್ದೆ. ಪಕ್ಕದಲ್ಲಿದ್ದವಳಿಗೂ ಮಾತು ಕೇಳಿಸಿತು. ಅವಳು ತನ್ನ ಎರಡೂ ಅಂಗೈ ಬಿಡಿಸಿ ಹಳೆಯ ಗಾಯದ ಗುರುತುಗಳನ್ನು ನನಗೆ ತೋರಿಸಿದಳು.

“ಇದು ಟ್ಯೂಬ್‌ಲೈಟ್ ಗಾಜು. ಇದು ಗಡ್ಡದ ಬ್ಲೇಡು. ಇದು ಒಡದ ಬಳಿ. ಯಾರ ಮನಿವೋ ಗೊತ್ತಿಲ್ರಿ. ಯಾರೂ ಬೇಕಂತ ಹಾಕೂದಿಲ್ಲ ಬಿಡ್ರಿ.”

ಜಿಲ್ಲಾ ಆಸ್ಪತ್ರೆಯ ಬೆಂಚಿನ ಮೇಲೆ ಮಾವನವರು ಅವಳ ಪಕ್ಕದಲ್ಲಿಯೇ ಕೂತರು. ಅವಳು ನೆಲಕ್ಕೆ ಕೂರಲು ಹೋದಾಗ “ಮ್ಯಾಲೆ ಕುಂದ್ರವ್ವಾ, ಇಬ್ಬರದೂ ಒಂದ ಕೆಲಸ ಐತಿ” ಎಂದರು. ರಕ್ತ ತೆಗೆಯುವಾಗ ಈ ಸಲ ಅವರು ಮುಖ ತಿರುಗಿಸಲಿಲ್ಲ.

ಸಂಜೆಯ ಹೊತ್ತಿಗೆ ಇಬ್ಬರ ವರದಿಯೂ ಬಂತು. ಇಬ್ಬರ ರಕ್ತದಲ್ಲೂ ಅಂಥದ್ದೇನೂ ಇರಲಿಲ್ಲ. ನಾನು ಅಳಲು ಶುರು ಮಾಡಿದೆ, ಅವಳೇ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆದರೂ ಖಾತ್ರಿಗೆ ಮೂರು ತಿಂಗಳ ನಂತರ ಅವಳು ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು ಅಲ್ಲಿನ ಡಾಕ್ಟರು.

ಆ ಮೂರು ತಿಂಗಳು ನಮಗಿಂತ ಅವಳಿಗೆ ಉದ್ದವಾದವು. ಮರುದಿನವೇ ಗಾಡಿ ತಂದಳು. ನಾನು ‘ಬರ್ರಿ’ ಎಂದು ಕರೆಯಲು ಶುರು ಮಾಡಿದಾಗ ಮುಜುಗರಪಟ್ಟುಕೊಂಡಳು. ಒಂದು ದಿನ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, “ಮೊಮ್ಮಗಳಿಗೆ ತುತ್ತು ಮಾಡಿ ಉಣಿಸೂದು ಬಿಟ್ಟೇನ್ರಿ” ಎಂದಳು. ಉಣಿಸಿದರೆ ಏನೂ ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರಲ್ಲ ಎಂದೆ. “ಹೇಳ್ಯಾರ್ರಿ. ಖರೇನೂ ಇರ್ತೈತಿ. ಆದ್ರ ಕೈ ಕೇಳವಲ್ದು.” ಮಗಳಿಗೆ ಅವಳು ಏನೂ ಹೇಳಿರಲಿಲ್ಲ. ಅಜ್ಜಿ ಯಾಕೆ ದೂರ ಕೂರುತ್ತಾಳೆಂದು ಕೂಸು ಅಳುತ್ತಿತ್ತಂತೆ.

ಊರಿನ ಆಸ್ಪತ್ರೆಯ ನರ್ಸೊಬ್ಬರು ನಮಗೆ ದಾರಿ ತೋರಿಸಿದರು. ದಪ್ಪ ಪ್ಲಾಸ್ಟಿಕ್ಕಿನ ತಿರುಗಣಿ ಮುಚ್ಚಳದ ಡಬ್ಬಿಯಲ್ಲಿ ಸೂಜಿ ಹಾಕುತ್ತ ಹೋಗುವುದು, ಬಾಯಿಮಟ ತುಂಬಿಸದೆ ಮುಕ್ಕಾಲು ಆದಾಗ ಮುಚ್ಚಳ ಬಿಗಿದು ಟೇಪು ಸುತ್ತಿ ಅವರಿಗೇ ತಂದುಕೊಡುವುದು. ಮಾವನವರು ಅಷ್ಟಕ್ಕೇ ಬಿಡಲಿಲ್ಲ. ಕೋಲು ಊರಿಕೊಂಡು ಓಣಿಯ ಒಂದೊಂದು ಮನೆಗೂ ಹೋದರು. ಒಡೆದ ಗಾಜನ್ನು ಹಳೆಯ ಪೇಪರಿನಲ್ಲಿ ದಪ್ಪಗೆ ಸುತ್ತಿ ಬೇರೆ ಇಡ್ರಿ, ಸುತ್ತಿದ್ದರ ಮೇಲೆ ಗಾಜು ಅಂತ ಬರೀರಿ, ಕೊಡುವಾಗ ಬಾಯಿಬಿಟ್ಟು ಹೇಳ್ರಿ ಎನ್ನುತ್ತಿದ್ದರು. ಒಬ್ಬಿಬ್ಬರು ನಕ್ಕರು. “ಯಾಕ್ರಿ ನಿಮಗ ಈ ವಯಸ್ಸಿನ್ಯಾಗ” ಎಂದವರಿಗೆ ಅವರು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ನನ್ನ ಸುಳ್ಳೊಂದನ್ನು ಬಿಟ್ಟು.

ಎರಡನೇ ಪರೀಕ್ಷೆಗೆ ನಾನೇ ಅವಳೊಂದಿಗೆ ಹಾವೇರಿಗೆ ಹೋದೆ. ಏನೂ ಇಲ್ಲವೆಂದು ತಿಳಿದಾಗ ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಚೀಟಿಯನ್ನು ಮಡಿಚಿ ಕುಬಸದೊಳಗೆ ಇಟ್ಟುಕೊಂಡು, “ಲಗೂ ಹೋಗೂಣ್ರಿ, ಕೂಸು ಉಣ್ಣೂ ಹೊತ್ತಾತು” ಎಂದಳು. ದಾರಿಯಲ್ಲಿ ನಾನು ಸುಳ್ಳಿನ ಮಾತೆತ್ತಿ ತಪ್ಪಾಯಿತೆಂದೆ. “ಗೊತ್ತಿತ್ರಿ” ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಕ್ಷಮಿಸಿದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಎರಡು ವರ್ಷದ ನಂತರ ಅವಳನ್ನು ಬೇರೆ ವಾರ್ಡಿಗೆ ಹಾಕಿದರು. ಹೊಸಬಳು ಬಂದ ಮೊದಲ ದಿನ ನಾನು ಬಾಗಿಲಲ್ಲಿ ನಿಂತು, ನಮ್ಮಲ್ಲಿ ಸೂಜಿ ಬಳಸುತ್ತೇವೆ, ಆದರೆ ಕಸಕ್ಕೆ ಹಾಕುವುದಿಲ್ಲ, ಹೆದರಬೇಡಿ ಎಂದು ಹೇಳತೊಡಗಿದೆ. ಅವಳು ಬುಟ್ಟಿಯನ್ನು ಕೈಯಿಂದ ಮುಟ್ಟದೆ, ಉದ್ದನೆಯ ಕಬ್ಬಿಣದ ಕೊಕ್ಕೆಯಿಂದ ಎಳೆದುಕೊಂಡಳು.

“ಗೊತ್ತೈತ್ರಿ ಅಕ್ಕಾರ. ಇದು ಸೂಜಿ ಮನಿ ಅಂತ ನಮ್ಮವ್ರೆಲ್ಲಾರಿಗೂ ಗೊತ್ತೈತ್ರಿ.”