ನಂಬರಿಲ್ಲದ ಕನ್ನಡಕ

ನಮ್ಮ ಮನೆಯಲ್ಲಿ ರೋಗಗಳು ಎರಡೇ ಇದ್ದವು: ಜ್ವರ ಮತ್ತು ಸೊಕ್ಕು. ಹಣೆ ಮುಟ್ಟಿದಾಗ ಬಿಸಿ ಹತ್ತಿದರೆ ಜ್ವರ, ಹತ್ತದಿದ್ದರೆ ಸೊಕ್ಕು. ಈ ವೈದ್ಯಶಾಸ್ತ್ರದ ಪಂಡಿತೆ ನಮ್ಮ ಅಜ್ಜಿ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಅವಳಿಗೆ ಎದುರಾಡುವವರು ಇರಲಿಲ್ಲ, ಏಕೆಂದರೆ ಎದುರಾಡುವುದೂ ಎರಡನೆಯ ರೋಗದ ಲಕ್ಷಣವಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಕಾಲೇಜಿಗೆ ಸೇರಿದ ವರ್ಷ, ನಮ್ಮ ಚಿಗವ್ವನಿಗೆ ಸೊಕ್ಕು ಬಂತು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಶಿಗ್ಗಾವಿಯ ತವರಿನಲ್ಲಿ ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಬಂದವಳು ಮಾತನ್ನು ಅಲ್ಲೇ ಮರೆತು ಬಂದಂತಿದ್ದಳು. ಹಂಚಿನ ಮೇಲೆ ರೊಟ್ಟಿ ಹಾಕಿ ಅದನ್ನೇ ನೋಡುತ್ತ ಕೂರುವಳು. ಅದು ಸೀದು ಹೊಗೆ ಎದ್ದರೂ ತಿರುವಿ ಹಾಕುತ್ತಿರಲಿಲ್ಲ. ಕೂಸು ಅತ್ತರೆ ಯಾರದೋ ಮನೆಯ ಕೂಸು ಅತ್ತಂತೆ ಸುಮ್ಮನಿರುವಳು. ಅದಕ್ಕೂ ಮೊದಲು ಆ ಮನೆಯಲ್ಲಿ ಗಟ್ಟಿಯಾಗಿ ನಗುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ನನಗೆ ಅವಳೆಂದರೆ ಜೀವ.

"ತವರವರು ತಲಿ ಮ್ಯಾಲ ಕುಂದ್ರಿಸ್ಕೊಂಡಿದ್ರು. ಸೊಕ್ಕು," ಎಂದು ಅಜ್ಜಿ ತೀರ್ಪು ಕೊಟ್ಟಳು.

ಆಮೇಲೆ ಧೈರ್ಯ ಹೇಳುವವರ ಮೆರವಣಿಗೆ ಶುರುವಾಯಿತು. ನಮ್ಮ ಕಡೆ ಧೈರ್ಯ ಹೇಳುವುದೆಂದರೆ, ನಿನ್ನ ದುಃಖಕ್ಕಿಂತ ನನ್ನ ದುಃಖ ದೊಡ್ಡದು ಎಂದು ಸಿದ್ಧಮಾಡಿ, ಚಹಾ ಕುಡಿದು ಎದ್ದು ಹೋಗುವುದು. ಪಕ್ಕದ ಮನೆಯಾಕೆ ಇದರಲ್ಲಿ ಪಳಗಿದ ಕೈ. "ನನ್ನ ಹಿರೇ ಮಗ ತೀರ್ಕೊಂಡಾಗ ಕಣ್ಣೊರಿಸ್ಕೊಂಡು ಶೇಂಗಾ ಕೀಳಾಕ ಹೋಗಿದ್ದೆ. ನಿನಗೇನಾಗೇತಿ? ಗಂಡ ಅದಾನ, ಗಂಡು ಕೂಸೈತಿ," ಎಂದಳು. ಕಾಕಾನಿಗೆ ಬೇರೆಯೇ ಉಪದೇಶ: "ಒಂದೆರಡು ಬಾರಿಸು, ಸರಿಹೋಗ್ತಾಳ." ಕಾಕಾ ಪಾಪದ ಮನುಷ್ಯ. ಹೊಡೆಯಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ.

ಸವಣೂರಿನಿಂದ ತಾಯತ ಬಂತು, ಇನ್ನೆಲ್ಲಿಂದಲೋ ಮಂತ್ರಿಸಿದ ಲಿಂಬೆಹಣ್ಣು ಬಂತು. ಸೊಕ್ಕಿಗೆ ತಾಯತ ಯಾಕೆ ಎಂದು ನಾನು ಕೇಳಿದೆ. ನನಗೂ ಆ ರೋಗ ಇರುವುದು ಅಂದೇ ಗೊತ್ತಾಯಿತು.

ಒಂದು ಮಧ್ಯಾಹ್ನ, ಕೆರೆಯಲ್ಲಿ ಎಮ್ಮೆ ಮೈ ತೊಳೆಯಲು ಹೋಗಿದ್ದ ಓಣಿಯ ಹಿರಿಯನೊಬ್ಬ ಚಿಗವ್ವನನ್ನು ಕರೆದುಕೊಂಡು ಬಂದ. ಅವಳ ಸೀರೆ ಎದೆಯ ತನಕ ತೋಯ್ದಿತ್ತು. "ಕಾಲು ಜಾರಿತ್ತಂತ ಕಾಣ್ತೈತ್ರಿ," ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದ. ಎದೆಮಟ್ಟದ ನೀರಿಗೆ ಯಾರೂ ಕಾಲು ಜಾರಿ ಹೋಗುವುದಿಲ್ಲ. ಅಜ್ಜಿ ಮೊದಲು ಮಾಡಿದ ಕೆಲಸವೆಂದರೆ ಬೀದಿಬಾಗಿಲು ಮುಚ್ಚಿದ್ದು.

ಊರಿನ ಡಾಕ್ಟರು ಬಂದು ನೋಡಿದರು. "ಹಡೆದವರಿಗೆ ಒಮ್ಮೊಮ್ಮೆ ಹಿಂಗ ಮನಸ್ಸಿಗೆ ಬ್ಯಾನಿ ಬರ್ತೈತ್ರಿ. ವಾಸಿ ಆಗ್ತೈತಿ. ಧಾರವಾಡಕ್ಕ ಕರ್ಕೊಂಡು ಹೋಗ್ರಿ, ತಡಾ ಮಾಡಬ್ಯಾಡ್ರಿ," ಎಂದರು.

ಕೆರೆಯ ಸುದ್ದಿಗೆ ಅಳದವರೆಲ್ಲ ಈಗ ಅತ್ತರು. ಧಾರವಾಡವೆಂದರೆ ಹುಚ್ಚಾಸ್ಪತ್ರೆ; ನಮ್ಮ ಓಣಿಯಲ್ಲಿ 'ಇವನ್ನ ಧಾರವಾಡಕ್ಕ ಕಳಸ್ರಿ' ಎನ್ನುವುದು ಬೈಗುಳ. ಮೇಲಾಗಿ ಅಪ್ಪನ ಕೊನೆಯ ತಂಗಿ, ನಮ್ಮ ಸಣ್ಣತ್ತೆ, ಮದುವೆಯ ವಯಸ್ಸಿಗೆ ಬಂದಿದ್ದಳು. "ಹುಚ್ಚರ ಮನಿ ಹೆಣ್ಣು ಅಂತ ಯಾರು ತಗೋತಾರ?" ಎಂದು ಅಜ್ಜಿ ಹಣೆ ಬಡಿದುಕೊಂಡಳು. ಚಿಗವ್ವ ಬದುಕಿ ಬಂದಳಲ್ಲ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಕೊನೆಗೆ ಅಜ್ಜಿಯೇ ದಾರಿ ಕಂಡುಹಿಡಿದಳು. ಚಿಗವ್ವನಿಗೆ ಕಣ್ಣಿನ ತ್ರಾಸ, ಹುಬ್ಬಳ್ಳಿಯಲ್ಲಿ ತೋರಿಸುತ್ತಿದ್ದೇವೆ ಎಂದು ಎಲ್ಲರಿಗೂ ಹೇಳುವುದು. ಇದು ಸುಳ್ಳಲ್ಲ ಎಂದು ಅವಳ ವಾದ, ಧಾರವಾಡದ ಬಸ್ಸನ್ನು ಹುಬ್ಬಳ್ಳಿಯಲ್ಲೇ ಹತ್ತಬೇಕಲ್ಲ. ಸಾಕ್ಷಿಗೆಂದು ಕಾಕಾ ಒಂದು ಕನ್ನಡಕ ತಂದ. ದಪ್ಪನೆಯ ಕಪ್ಪು ಚೌಕಟ್ಟು, ನಂಬರಿಲ್ಲದ ಬರಿಯ ಗಾಜು. ಹೊಸಿಲು ದಾಟಿದರೆ ಅದು ಚಿಗವ್ವನ ಮೂಗಿನ ಮೇಲಿರಬೇಕು. ಧಾರವಾಡದಿಂದ ಬರುವಾಗ ಪೇಡೆ ತರಕೂಡದು. ಮರ್ಯಾದೆಗೆ ನಮ್ಮ ಮನೆಯಲ್ಲಿ ಎಷ್ಟು ಬೇಗ ಔಷಧಿ ಸಿಗುತ್ತಿತ್ತು ನೋಡಿ.

ಕೂಸನ್ನು ಎತ್ತಿಕೊಳ್ಳಲು ನಾನೂ ಹೋದೆ. ಧಾರವಾಡದ ಡಾಕ್ಟರು ಮೊದಲು ಕನ್ನಡಕ ತೆಗೆಯಲು ಹೇಳಿದರು. ಆಮೇಲೆ ಕೇಳಿದರು: "ನಿದ್ದಿ ಬರ್ತೈತೇನವ್ವಾ?"

ಚಿಗವ್ವ ಅತ್ತಳು. ಎಷ್ಟೋ ಹೊತ್ತು ಅತ್ತಳು. ಡಾಕ್ಟರು ಅವಸರ ಮಾಡಲಿಲ್ಲ. ಕೂಸು ಹುಟ್ಟಿದಾಗಿನಿಂದ ಕಣ್ಣು ಮುಚ್ಚಿಲ್ಲ, ಕೂಸಿಗೆ ತನ್ನಿಂದಲೇ ಏನೋ ಆಗುತ್ತದೆಂದು ಹೆದರಿಕೆ ಎಂದು ತಡೆದು ತಡೆದು ಹೇಳಿದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮನೆ ತುಂಬ ಜನ, ಓಣಿ ತುಂಬ ಧೈರ್ಯ ಹೇಳುವವರು, ಈ ಎರಡು ಮಾತು ಕೇಳಲು ಇಷ್ಟು ದೂರ ಬರಬೇಕಾಯಿತು.

ಗುಳಿಗೆ ಶುರುವಾದವು. ರಾತ್ರಿ ಕೂಸನ್ನು ಬೇರೆಯವರು ನೋಡಿಕೊಳ್ಳಲಿ, ಇವಳು ಮಲಗಲಿ ಎಂದಿದ್ದರು ಡಾಕ್ಟರು. ಅವ್ವ ಆ ಕೆಲಸ ತಾನೇ ವಹಿಸಿಕೊಂಡಳು. ನಿಧಾನವಾಗಿ ರೊಟ್ಟಿ ಸೀಯುವುದು ನಿಂತಿತು. ಒಂದು ದಿನ ಕೂಸು ಸೀನಿದ್ದಕ್ಕೆ ಚಿಗವ್ವ ನಕ್ಕಳು. ಅವ್ವ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಹೆಸರು ಮಾತ್ರ ಕನ್ನಡಕಕ್ಕೆ, ಓಣಿಯ ಮಾತಿನಲ್ಲಿ ಚಾಳೀಸಕ್ಕೆ, ಬಂತು. "ಚಾಳೀಸ ಬಂದ ಮ್ಯಾಲ ಮಾರಿ ಮ್ಯಾಲ ಕಳಿ ಬಂತು ನೋಡ್ರಿ," ಎಂದು ಓಣಿಯೆಲ್ಲ ಹೊಗಳಿತು. ಪಕ್ಕದ ಮನೆಯಾಕೆಗೂ ಕಣ್ಣು ಮಂಜಾಗತೊಡಗಿದವು.

ಮುಂದಿನ ವರ್ಷ ಚಿಕ್ಕೇರೂರಿನಿಂದ ಸಣ್ಣತ್ತೆಯನ್ನು ನೋಡಲು ಬಂದರು. ಗಂಡಸರು ಹೊರಗೆ ಉಪ್ಪಿಟ್ಟು ತಿನ್ನುತ್ತಿದ್ದರು. ಹೆಂಗಸರೆಲ್ಲ ಒಳಗಿದ್ದೆವು. ಗಂಡಿನ ತಾಯಿ ಚಿಗವ್ವನ ಕನ್ನಡಕವನ್ನೇ ನೋಡುತ್ತಿದ್ದಳು.

"ಹುಬ್ಬಳ್ಳ್ಯಾಗ ಕಣ್ಣಿನ ಡಾಕ್ಟರು ಚಲೋ ಅದಾರಂತ ಕೇಳಿದೆರಿ. ನಮ್ಮ ಮಗಳಿಗೂ ತೋರಿಸ್ಬೇಕು. ಹಡದಾಗಿಂದ ಕಣ್ಣು ತ್ರಾಸ."

"ಏನಾಗ್ತೈತ್ರಿ ಆಕಿಗೆ?" ಎಂದಳು ಚಿಗವ್ವ.

ಆಕೆ ಸೆರಗಿನ ತುದಿ ಹಿಡಿದುಕೊಂಡಳು. "ಗ್ವಾಡಿ ನೋಡ್ಕೋತ ಕುಂದರ್ತಾಳ್ರಿ. ಕೂಸು ಅತ್ತರೂ ಏಳಂಗಿಲ್ಲ."

ಅಜ್ಜಿಗೆ ಎಲ್ಲಿಲ್ಲದ ಕೆಮ್ಮು ಬಂತು. ಚಿಗವ್ವ ಕನ್ನಡಕ ತೆಗೆದು ಆಕೆಯ ಕೈಯಲ್ಲಿಟ್ಟಳು.

"ಹಾಕ್ಕೊಂಡು ನೋಡ್ರಿ. ಏನರ ಬ್ಯಾರೆ ಕಾಣ್ತೈತೇನು?"

ಆಕೆ ಹಾಕಿಕೊಂಡು ನೋಡಿದಳು. "ಏನೂ ಇಲ್ಲಲ್ರಿ."

"ನನಗೂ ಕಂಡಿಲ್ರಿ. ನಾ ಹೋಗೂದು ಧಾರವಾಡಕ್ಕ."

ಸಣ್ಣತ್ತೆಯ ಮುಖ ಬಿಳಿಚಿಕೊಂಡಿತು. ಸಂಬಂಧ ಮುರಿದೇ ಬಿತ್ತೆಂದು ಅಜ್ಜಿ ಗೋಡೆಗೆ ಒರಗಿದಳು. ಗಂಡಿನ ತಾಯಿ ಕನ್ನಡಕ ತೆಗೆದು ದನಿ ಇಳಿಸಿ ಕೇಳಿದಳು: "ಅಲ್ಲೆ ಹೊಡೀತಾರೇನ್ರಿ?"

"ಇಲ್ರಿ. ನಿದ್ದಿ ಬರ್ತೈತೇನು ಅಂತ ಕೇಳ್ತಾರ."

ಸಂಬಂಧ ಮುರಿಯಲಿಲ್ಲ. ಹೋಗುವ ಮೊದಲು ಗಂಡಿನ ತಾಯಿ ಚಿಗವ್ವನನ್ನು ಪಕ್ಕಕ್ಕೆ ಕರೆದು, "ಈ ಚಾಳೀಸ ನಾ ಒಯ್ಯಲೇನ್ರಿ? ನಮ್ಮೂರಾಗೂ ಕೇಳೂ ಮಂದಿ ಭಾಳ ಅದಾರ," ಎಂದಳು. ಚಿಗವ್ವ ಕೊಟ್ಟಳು. ಅಜ್ಜಿ ಈ ಬೀಗಿತ್ತಿಯ ಬುದ್ಧಿವಂತಿಕೆಯನ್ನು ಬಹಳ ದಿನ ಹೊಗಳಿದಳು.

ಮುಂದಿನ ಸಲ ಧಾರವಾಡಕ್ಕೆ ಹೊರಟಾಗ ಹುಬ್ಬಳ್ಳಿಯ ನಿಲ್ದಾಣದಲ್ಲಿ ಆ ತಾಯಿ ಮಗಳು ನಮಗಾಗಿ ಕಾಯುತ್ತ ನಿಂತಿದ್ದರು. ಹುಡುಗಿ ನನಗಿಂತ ತುಸುವೇ ದೊಡ್ಡವಳು. ಆ ಕಪ್ಪು ಕನ್ನಡಕ ಅವಳ ಮೂಗಿನಿಂದ ಜಾರುತ್ತಿತ್ತು, ಸರಿಮಾಡಿಕೊಳ್ಳುವಷ್ಟು ಎಚ್ಚರವೂ ಅವಳಿಗಿರಲಿಲ್ಲ. ಧಾರವಾಡದ ಬಸ್ಸಿನಲ್ಲಿ ಚಿಗವ್ವ ಅವಳ ಪಕ್ಕ ಕೂತಳು. ಕನ್ನಡಕ ತೆಗೆದು ತನ್ನ ಚೀಲದಲ್ಲಿ ಹಾಕಿಕೊಂಡು, ಅವಳ ಕೈ ಹಿಡಿದು ಕೇಳಿದಳು:

"ನಿದ್ದಿ ಬರ್ತೈತೇನವ್ವಾ?"