ಅಡಿಟಿಪ್ಪಣಿಯಲ್ಲಿ ಇಲ್ಲದ ಯಲ್ಲವ್ವ

ಹೋದ ತಿಂಗಳು ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ನನ್ನ ಕೈಗೆ ದಪ್ಪ ರಟ್ಟಿನ ಪುಸ್ತಕವೊಂದನ್ನು ಕೊಟ್ಟು, 'ಇದರಾಗ ನಿಮ್ಮ ಹೆಸರು ಐತ್ರಿ ಸರ್' ಎಂದಳು.

ಯಾರಿಗೆ ಖುಷಿಯಾಗುವುದಿಲ್ಲ ಹೇಳಿ? (ಅಂಕಣ ಬರೆಯುವವರಿಗೆ ಈ ಚಪಲ ತುಸು ಹೆಚ್ಚೇ.) ನಿಂತಲ್ಲೇ ತೆರೆದೆ. ಎಂ.ಫಿಲ್. ಪ್ರಬಂಧ. ಕೃತಜ್ಞತೆಯ ಪುಟದಲ್ಲಿ 'ಸಂಶೋಧನೆ ಎಂದರೇನೆಂದು ಕಲಿಸಿದವರು' ಎಂದು ಟೈಪಾಗಿತ್ತು. ಮುಂದೆ ನನ್ನ ಹೆಸರು.

ಹತ್ತು ನಿಮಿಷದ ನಂತರ ಆ ಸಾಲನ್ನು ಹೊಡೆದುಹಾಕಬೇಕು ಅನ್ನಿಸಿತು.

ಹುಡುಗಿಯ ಹೆಸರು ಕಸ್ತೂರಿ. ತಿಳವಳ್ಳಿ ಕಡೆಯವಳು. ಎರಡು ವರ್ಷದ ಹಿಂದೆ ಹಾನಗಲ್ಲಿನಲ್ಲಿ ನಾವು ಕೆಲವರು ಅಧ್ಯಾಪಕರು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಒಂದು ಕಮ್ಮಟ ನಡೆಸಿದ್ದೆವು. ಸಂಶೋಧನೆ ಮಾಡುವುದು ಹೇಗೆ, ಅದನ್ನು ಬರೆಯುವುದು ಹೇಗೆ ಅಂತ. ಸವಣೂರು, ಶಿಗ್ಗಾಂವಿ, ಹಿರೇಕೆರೂರುಗಳಿಂದ ಹುಡುಗರು ಬಂದಿದ್ದರು. ಹುಡುಗಿಯರು ಇಬ್ಬರೇ. ಅಡಿಟಿಪ್ಪಣಿಯ ಪಾಠ ನನ್ನದು. ಹೇಳಿದ ಪ್ರತಿ ಮಾತಿಗೂ ಅದು ಎಲ್ಲಿಂದ ಬಂತು ಎಂದು ಪುಟದ ಕೆಳಗೆ ಬರೆಯಬೇಕಲ್ಲ, ಅದು.

ಕಸ್ತೂರಿಯ ವಿಷಯ ಅವಳ ಊರಿನ ಸುತ್ತಲ ಹೊಲಗಳ ಹೆಸರುಗಳು. ಎಮ್ಮಿಗುಂಡಿ, ಗುಬ್ಬಿ ಹಕ್ಕಲ, ಸೊಸಿ ಹಕ್ಕಲ. ಒಂದೊಂದು ಹೆಸರಿಗೆ ಒಂದೊಂದು ಕತೆ. ಸೊಸಿ ಹಕ್ಕಲದಲ್ಲಿ ಭತ್ತದ ನಾಟಿ ಮಾಡುತ್ತಲೇ ಯಾರದೋ ಮನೆಯ ಸೊಸೆ ಹಡೆದಿದ್ದಳಂತೆ. ಕಸ್ತೂರಿ ತನ್ನ ಕರಡನ್ನು ಓದುತ್ತಿದ್ದರೆ ಇಡೀ ಕೋಣೆ ಸುಮ್ಮನಿತ್ತು.

ನಾನು ಸುಮ್ಮನಿರಬೇಕಲ್ಲ! 'ಇದನ್ನೆಲ್ಲ ಯಾರು ಹೇಳಿದರು?' ಎಂದೆ.

'ನಮ್ಮವ್ವ ರೀ ಸರ್. ಯಲ್ಲವ್ವ. ಕೂಲಿ ಮಾಡ್ತಾಳ್ರಿ.'

ಸ್ವಂತಕ್ಕೆ ಒಂದು ಗುಂಟೆ ನೆಲವಿಲ್ಲದ ಹೆಂಗಸು. ಸಣ್ಣವಳಿದ್ದಾಗಿನಿಂದ ಊರವರ ಹೊಲಗಳಲ್ಲಿ ನಾಟಿ, ಕಳೆ, ಕೊಯ್ಲು ಅಂತ ದುಡಿದವಳು. ಅದಕ್ಕೇ ಎಲ್ಲ ಹೊಲಗಳ ಹೆಸರೂ ಅವಳ ಬಾಯಲ್ಲಿದ್ದವು. ಇಷ್ಟು ಯೋಚಿಸಲು ಆಗ ನನಗೆ ಬಿಡುವಿರಲಿಲ್ಲ.

'ಮನೆಯವರ ಮಾತು ಆಧಾರ ಆಗೋದಿಲ್ಲಮ್ಮ. ನಾಳೆ ಪರೀಕ್ಷಕರು ನಗ್ತಾರೆ. ಊರ ಗೌಡರನ್ನ ಕೇಳು, ಅವರ ಹೆಸರು ಹಾಕು' ಎಂದೆ.

'ಆದ್ರ ಹೇಳಿದಾಕಿ ಅವ್ವ ಅಲ್ರೀ ಸರ್?'

ಹುಡುಗರು ನಕ್ಕರು. ನಾನೂ ನಕ್ಕೆ. ಅವಳು ಕುಳಿತುಕೊಂಡಳು.

ಈಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಪುಟಗಳನ್ನು ತಿರುವಿದೆ. ಪುಟದ ಕೆಳಗೆಲ್ಲ ಗೌಡರ ಹೆಸರು.

'ಗೌಡ್ರು ಎಲ್ಲ ಹೇಳಿದರಾ?' ಎಂದು ಕೇಳಿದೆ.

'ಎಲ್ಲೀದ್ರಿ! ಅವರ ಹಂತ್ಯಾಕ ಹೋದೆ. "ನಮಗೇನ್ ಗೊತ್ತವಾ, ನಿಮ್ಮವ್ವಗ ಕೇಳು" ಅಂದ್ರು. ನಿಮ್ಮ ಹೆಸರು ಹಾಕ್ಕೋತೇನ್ರಿ ಅಂದೆ. ಹಾಕ್ಕೋ ಅಂದ್ರು.'

ಅವ್ವ ಹೇಗಿದ್ದಾಳೆ ಎಂದು ಕೇಳಿದೆ. ಕೇಳಬಾರದಿತ್ತು.

'ತೀರಿಕೊಂಡ್ಳ್ರಿ ಸರ್. ಪ್ರಬಂಧ ಕಟ್ಟಿಸಿಕೊಂಡು ಮನಿಗೆ ತಂದಾಗ ಹಾಸಿಗಿ ಹಿಡದಿದ್ಲು. ತೊಡಿ ಮ್ಯಾಲಿಟ್ಕೊಂಡು, "ನಾ ಹೇಳಿದ್ದೆಲ್ಲಾ ಬರದೀಯೇನ?" ಅಂದ್ಲು. ಬರದೇನಿ ಅಂದೆ. "ನನ್ನ ಹೆಸರು ಎಲ್ಲೈತಿ, ತೋರಸು" ಅಂದ್ಲು.'

'ಏನು ಮಾಡಿದೆ?'

ಕಸ್ತೂರಿ ಬಸ್ಸುಗಳ ಕಡೆ ನೋಡುತ್ತ ಹೇಳಿದಳು: 'ಅವ್ವಗ ಓದಾಕ ಬರ್ತಿದ್ದಿಲ್ರಿ. ಅಕಿ ಬೆರಳು ಹಿಡದು ಗೌಡ್ರ ಹೆಸರಿನ ಮ್ಯಾಲ ಇಟ್ಟೆ. ಇದ ನೋಡವ್ವ ಅಂದೆ. ಸಾವಕಾಶ ಸವರಿ ನೋಡಿದ್ಲು. "ಭಾಳ ಚಂದ ಕಾಣತೈತಿ" ಅಂದ್ಲು.'

ಇಷ್ಟಾದ ಮೇಲೂ ಅವಳೇ ನನ್ನನ್ನು ಸಮಾಧಾನ ಮಾಡಿದಳು. 'ನೀವು ಮನಸಿಗೆ ಹಚ್ಕೋಬ್ಯಾಡ್ರಿ ಸರ್. ನೀವು ಹೇಳಿದಂಗ ಮಾಡಿದ್ದಕ್ಕ ಪಾಸಾತು.' ತಿಳವಳ್ಳಿಯ ಬಸ್ಸು ಬಂತು. ಹತ್ತಿ ಹೋದಳು.

ಸುಮ್ಮನಿರಲಾಗಲಿಲ್ಲ. ಅವಳ ಮಾರ್ಗದರ್ಶಕರು ನನ್ನ ಹಳೆಯ ಗೆಳೆಯರು. ಅವರಿಗೆ ಟ್ರಂಕ್ ಕಾಲ್ ಮಾಡಿದೆ. ಗ್ರಂಥಾಲಯದಲ್ಲಿರುವ ಪ್ರತಿಗೆ ಯಲ್ಲವ್ವನ ಹೆಸರಿನ ಒಂದು ಚೀಟಿಯನ್ನಾದರೂ ಅಂಟಿಸೋಣ ಎಂದೆ. 'ಒಪ್ಪಿದ ಪ್ರಬಂಧಕ್ಕ ಇನ್ನೇನು ಅಂಟಸ್ತೀಯೋ? ಪದವಿ ಬಂದದಲ್ಲ, ಬಿಡು' ಎಂದರು. ಕಸ್ತೂರಿ ಕೊಟ್ಟುಹೋದ ನನ್ನ ಪ್ರತಿ ತೆಗೆದೆ. ಗೌಡರ ಹೆಸರಿದ್ದಲ್ಲೆಲ್ಲ ಪಕ್ಕದಲ್ಲಿ 'ಯಲ್ಲವ್ವ, ಕೂಲಿ' ಎಂದು ಶಾಯಿಯಲ್ಲಿ ಬರೆಯುತ್ತ ಹೋದೆ. ನನ್ನ ಮನೆಯ ಕಪಾಟಿನಲ್ಲಿರುವ ಒಂದು ಪ್ರತಿ. ಅದನ್ನು ಯಾರು ಓದುತ್ತಾರೆ?

ತಪ್ಪು ಯಾರದೆಂದು ಹುಡುಕುವ ಕೆಲಸವೇನೂ ಇಲ್ಲ. ನಾವು ಮೇಷ್ಟ್ರುಗಳು ಹೀಗೇ. ಓದುಬರಹ ಇದ್ದವರ ಮಾತು ಮಾಹಿತಿ, ಇಲ್ಲದವರದ್ದು ಹರಟೆ. ಹಾಗೆಂದು ನಮಗೂ ಯಾರೋ ಕಲಿಸಿದ್ದರು. ಪರೀಕ್ಷಿಸಿ ನೋಡದೆ ನಂಬಿದೆವು.

ಈ ಭಾನುವಾರ ಶಿಗ್ಗಾಂವಿಯಲ್ಲಿ ಮತ್ತೊಂದು ಕಮ್ಮಟ. ಮತ್ತೆ ನನಗೇ ಕರೆ ಬಂದಿದೆ. ಹೋಗುತ್ತೇನೆ. ಯಲ್ಲವ್ವನ ವಿಷಯವನ್ನೇ ಮೊದಲು ಹೇಳುತ್ತೇನೆ.

'ಅವತ್ತು ನೀವ್ಯಾಕ ನಕ್ರಿ ಸರ್?' ಎಂದು ಯಾರಾದರೂ ಎದ್ದು ನಿಂತು ಕೇಳಿದರೆ ಏನು ಹೇಳಲಿ?